ಜತ್ತ ತಾಲೂಕು: ಎಚ್‌ಐವಿ ಇರುವ, ಕಬ್ಬು ಕಡಿಯುವ ವಿಧವೆಗೆ ಯಾವ ಹಕ್ಕುಗಳಿವೆ?

ಪ್ರಶ್ನೆ (ಜತ್ತ ತಾಲೂಕಿನಿಂದ)

ನಮ್ಮೂರು ಸಾಂಗಲಿ ಜಿಲ್ಲೆಯಲ್ಲಿ, ವಿಜಯಪುರದ ಗಡಿಗೆ ಹತ್ತಿರದಲ್ಲಿದೆ. ಮನೆಮಾತು ಕನ್ನಡ, ಕಚೇರಿಯ ಕಾಗದಪತ್ರಗಳೆಲ್ಲ ಮರಾಠಿ. ವಿಜಯಪುರದ ಕಡೆಯಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬರಿಗೆ, ಗಂಡ ತೀರಿಕೊಂಡ ಮೇಲೆ ಎಚ್‌ಐವಿ ಇರುವುದು ಗೊತ್ತಾಯಿತು. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಗುಳಿಗೆ ಪುಕ್ಕಟೆಯಾಗಿ ಸಿಗುತ್ತಿದೆ, ಆರೋಗ್ಯವೂ ನೆಟ್ಟಗಿದೆ. ತೊಂದರೆಯೆಲ್ಲ ಉಳಿದ ಬದುಕಿನದು. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಟೋಳಿಯೊಂದಿಗೆ ಹೊರಟರೆ ಅವರು ಮರಳುವುದು ಬೇಸಿಗೆಗೆ. ಟೋಳಿಯಲ್ಲಿ ಗಂಡಹೆಂಡತಿ ಸೇರಿ ಒಂದು ಕೊಯ್ತಾ (ಕುಡುಗೋಲು) ಎಂದು ಲೆಕ್ಕ. ಒಂಟಿ ಹೆಂಗಸು ಅರ್ಧ ಕೊಯ್ತಾ, ಕೂಲಿಕಾರರನ್ನು ಒದಗಿಸುವ ಗುತ್ತಿಗೆದಾರ ಮುಕಾದಮ ಕೊಡುವ ಮುಂಗಡವೂ ಅರ್ಧ. ಗದ್ದೆಯ ಬದಿಯ ಗುಡಿಸಲಿಗೆ ಬಾಗಿಲಿಲ್ಲ. ಗುಳಿಗೆಯ ಡಬ್ಬಿ ಸಪ್ಪಳ ಮಾಡಿದರೆ ಯಾರಾದರೂ ಕೇಳಿಯಾರೆಂದು ಅದರೊಳಗೆ ಅರಳೆ ತುರುಕಿ, ಜೋಳದ ಹಿಟ್ಟಿನ ಚೀಲದಲ್ಲಿ ಹುದುಗಿಸಿಡುತ್ತಾರೆ. ಮೈದುನ ಮನೆ ಬಿಟ್ಟು ಹೋಗೆನ್ನುತ್ತಿದ್ದಾನೆ. ಸರ್ಕಾರ ನಿರ್ಗತಿಕರಿಗೆ ಕೊಡುವ ನಿರಾಧಾರ ಅನುದಾನ ಕೇಳಲು ಹೋದರೆ ರೋಗದ ದಾಖಲೆ ತನ್ನಿ ಎಂದರಂತೆ. ಊರಿಗೆಲ್ಲ ತಿಳಿದೀತೆಂದು ಹೆದರಿ ಅವರು ಅರ್ಜಿಯನ್ನೇ ಕೊಡದೆ ಬಂದರು. ಇಂಥವರಿಗೆ ಕಾನೂನಿನಲ್ಲಿ ಏನಿದೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಮಿರಜದಿಂದ)

ರೋಗದ ಹೆಸರಿನಲ್ಲಿ ಅರ್ಜಿ ಹಾಕುವುದೇ ಬೇಡ. ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಲ್ಲಿ ಏಡ್ಸ್ ಪೀಡಿತರಂತೆಯೇ ನಿರಾಧಾರ ವಿಧವೆಯರೂ ಫಲಾನುಭವಿಗಳು. ಗಂಡನ ಮರಣ ಪ್ರಮಾಣಪತ್ರ ಹಚ್ಚಿ ವಿಧವೆಯೆಂದು ಕೇಳಿದರೆ ಸಿಗುವುದು ಅದೇ ಅನುದಾನ, ಗುಟ್ಟೂ ಉಳಿಯುತ್ತದೆ. ನಿಜವಾದ ಅಡ್ಡಿಗಳು ಬೇರೆ ಎರಡು ಇವೆ. ಒಂದು, ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿರಬೇಕೆಂಬ ನಿಯಮ. ಗಡಿಯಾಚೆಗಿನ ತವರಿನಿಂದ ಬಂದ, ಮದುವೆ ನೋಂದಣಿಯೂ ಆಗದ, ವರ್ಷದ ಅರ್ಧ ಕಬ್ಬಿನ ಗದ್ದೆಯಲ್ಲಿ ಕಳೆಯುವ ಹೆಂಗಸು ಅದನ್ನು ಯಾವ ಕಾಗದದಿಂದ ತೋರಿಸಬೇಕು? ಪಡಿತರ ಚೀಟಿ, ಮತದಾರರ ಪಟ್ಟಿ, ಮಕ್ಕಳ ಶಾಲಾ ದಾಖಲೆ, ಇದ್ದಬದ್ದದ್ದನ್ನೆಲ್ಲ ಕೂಡಿಸಿ. ಇನ್ನೊಂದು, ವಾರ್ಷಿಕ ಆದಾಯ 21,000 ರೂಪಾಯಿಯೊಳಗಿರಬೇಕೆಂಬ ಮಿತಿ. ಒಂದು ಹಂಗಾಮು ದುಡಿದು ಸಾಲ ತೀರಿಸಿದವಳು ಬಡವಳಲ್ಲವೆಂದು ಹೇಳುವ ಈ ಮಿತಿ ನನಗಂತೂ ಅನ್ಯಾಯವೆಂದೇ ತೋರುತ್ತದೆ.

ಮನೆಯ ವಿಷಯದಲ್ಲಿ ಅವರ ಪಕ್ಷ ಗಟ್ಟಿಯಾಗಿದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017ರ ಪ್ರಕಾರ ಸೋಂಕಿತ ಹೆಣ್ಣುಮಗಳನ್ನು ಕೂಡುಮನೆಯಿಂದ ಹೊರಹಾಕುವಂತಿಲ್ಲ. ಅವರು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟವರಾದರೆ ಗಂಡನ ಆಸ್ತಿಗೆ ಮೊದಲ ವರ್ಗದ ವಾರಸುದಾರರೂ ಹೌದು. ಮೊಕದ್ದಮೆಯಲ್ಲಿ ಹೆಸರು ಮರೆಮಾಡುವಂತೆ ನ್ಯಾಯಾಲಯವನ್ನು ಕೋರಲು ಅದೇ 2017ರ ಕಾಯ್ದೆ ಅವಕಾಶ ಕೊಟ್ಟಿದೆ. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ವಕೀಲರು ಉಚಿತವಾಗಿ ಸಿಗುತ್ತಾರೆ.

ಉತ್ತರ (ಅಕ್ಕಲಕೋಟೆಯಿಂದ)

ಊರಲ್ಲೊಂದು ಜಾಗೃತಿ ಸಭೆ ಮಾಡಿಸಿ, ಡಾಕ್ಟರರಿಂದ ಕನ್ನಡದಲ್ಲಿ ತಿಳಿವಳಿಕೆ ಹೇಳಿಸಿದರೆ ಮೈದುನನ ಮನಸ್ಸೂ ಬದಲಾದೀತು.

ಉತ್ತರ (ಸಾಂಗಲಿಯಿಂದ)

ಅಕ್ಕಲಕೋಟೆಯವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಸಣ್ಣ ಊರಲ್ಲಿ ಏಕಾಏಕಿ ಅಂಥ ಸಭೆ ನಡೆದರೆ ಇದು ಯಾರಿಗಾಗಿ ಎಂದು ಜನ ಹುಡುಕತೊಡಗುತ್ತಾರೆ. ಮೇಲಾಗಿ, ಮೈದುನನಿಗೆ ಬೇಕಿರುವುದು ಮನೆಯ ಜಾಗ. ರೋಗ ಅವನಿಗೆ ಸಿಕ್ಕ ನೆಪ.

ಸಾಂಗಲಿಯ ಅನುಭವವನ್ನೇ ನೋಡಿ. 1992ರಲ್ಲಿ ಇಲ್ಲಿ ಕೆಲಸ ಆರಂಭಿಸಿದ ಸಂಗ್ರಾಮ ಸಂಸ್ಥೆಯ ಜೊತೆ ಲೈಂಗಿಕ ವೃತ್ತಿಯ ಹೆಂಗಸರೇ ನಿರೋಧ್ ಹಂಚಿದರು, ಒಬ್ಬರಿಗೊಬ್ಬರು ತಿಳಿಹೇಳಿದರು. 1996ರಲ್ಲಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್ ಎಂಬ ತಮ್ಮದೇ ಸಂಘಟನೆ ಕಟ್ಟಿದರು. ಇಲ್ಲಿಯ ಓಣಿಗಳಲ್ಲಿ ಕನ್ನಡ ಮಾತಾಡುವವರು, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು ಅನೇಕರಿದ್ದಾರೆ. ಪೊಲೀಸರ ಹೊಡೆತ, ಮಕ್ಕಳ ಶಾಲೆ, ಪಡಿತರ, ಇವುಗಳ ಮಾತು ತೆಗೆಯದೆ ಸೋಂಕಿನ ಮಾತನ್ನಷ್ಟೇ ಆಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಗಡಿ ಇಲ್ಲಿಯೂ ಕಾಡುತ್ತದೆ: ಕರ್ನಾಟಕದ ಹಿಂದಿನ ದೇವದಾಸಿ ಸಮೀಕ್ಷೆಗಳು ನಡೆದದ್ದು 1993–94 ಮತ್ತು 2007–08ರಲ್ಲಿ. ಆ ಹೊತ್ತಿಗೆ ದುಡಿಮೆಗೆಂದು ಈಚೆ ಬಂದಿದ್ದು ಹೆಸರು ತಪ್ಪಿಹೋದವರಿಗೆ ಅಲ್ಲಿಯ ಮಾಸಾಶನ ಸಿಗಲಿಲ್ಲ. ಇಲ್ಲಿ 15 ವರ್ಷದ ಪುರಾವೆಯಿಲ್ಲದೆ ಅನುದಾನವಿಲ್ಲ. ಲೈಂಗಿಕ ವೃತ್ತಿಯಲ್ಲಿರುವವರಿಗೆ ವಿಳಾಸದ ಪುರಾವೆ ಕೇಳದೆ, ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರ ಪ್ರಮಾಣಪತ್ರದ ಆಧಾರದ ಮೇಲೆಯೇ ಆಧಾರ್ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಮೇ 19ರಂದು ಆದೇಶಿಸಿತು. ಇಂಥದೇ ವ್ಯವಸ್ಥೆ ವಲಸೆ ಕೂಲಿಕಾರ ಹೆಂಗಸರಿಗೂ ಬೇಕೆಂದು ನಾವು ಕೇಳಬೇಕು.

ಉತ್ತರ (ಕೊಲ್ಹಾಪುರದಿಂದ, ಹಿಂದೆ ಆಪ್ತಸಮಾಲೋಚಕಿಯಾಗಿದ್ದವರು)

ಅಕ್ಕನವರಿಗೆ ಇದನ್ನು ದಯವಿಟ್ಟು ತಿಳಿಸಿ. ಚಿಕಿತ್ಸೆಗೆ ಚೆನ್ನಾಗಿ ಹೊಂದಿಕೊಂಡವರಿಗೆ ಹಲವು ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಡುವ ಅವಕಾಶವಿದೆ. ಟೋಳಿ ಹೊರಡುವ ಮೊದಲೇ ಎಆರ್‌ಟಿ ಕೇಂದ್ರಕ್ಕೆ ಹೋಗಿ ಕೇಳಲಿ. ಚಿಕಿತ್ಸೆಯ ಹಸಿರು ಪುಸ್ತಕ ಜೊತೆಗಿದ್ದರೆ, ಗುಳಿಗೆ ತೀರಿದಾಗ ಸಕ್ಕರೆ ಕಾರ್ಖಾನೆಯ ಸಮೀಪದ ಕೇಂದ್ರದಲ್ಲಿಯೂ ವಿಚಾರಿಸಬಹುದು, ಅದು ಕರ್ನಾಟಕದಲ್ಲಿದ್ದರೂ ಸರಿ. ರಕ್ತದಲ್ಲಿ ವೈರಾಣು ಎಷ್ಟಿದೆಯೆಂದು ನೋಡುವ ವೈರಲ್ ಲೋಡ್ ಪರೀಕ್ಷೆಯ ದಿನ ಹಂಗಾಮಿನ ನಡುವೆ ಬರುವುದಿದ್ದರೆ ಹೊರಡುವ ಮೊದಲೇ ಮಾಡಿಸಲು ಸಾಧ್ಯವೇ ಎಂದೂ ಕೇಳಲಿ. ಕೇಂದ್ರದಲ್ಲಿ ಮರಾಠಿ ತಿಳಿಯದೆ ತಲೆಯಾಡಿಸಿ ಬರುವವರನ್ನು ನಾನು ಬಹಳ ಕಂಡಿದ್ದೇನೆ. ಅವರು ಒಪ್ಪಿದರೆ ನೀವೇ ಒಮ್ಮೆ ಜೊತೆಗೆ ಹೋಗಿ, ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಡಿ. ದಾರಿಯಲ್ಲಿ ತೊಡಕಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು, ಅದು ಉಚಿತ.