ದ್ರಾಕ್ಷಿ ವಿನೆಗರ್ ಹುದುಗಿಸಲು ಯಾವ ಪಾತ್ರೆ: ಹಾಲಿನ ಕ್ಯಾನ್, ನೀರಿನ ಕ್ಯಾನ್, ಜಾಡಿ?

ತೋಟದಮನೆ_ಚಿಕ್ಕಬಳ್ಳಾಪುರ:

ಎಲ್ಲರಿಗೂ ನಮಸ್ಕಾರ. ನಮ್ಮದು ನಂದಿ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ತೋಟ. ಕೊಯ್ಲಿನ ಹೊತ್ತಿಗೆ ಸರಿಯಾಗಿ ಮಳೆ ಹೊಡೆದು ತುಂಬಾ ಹಣ್ಣು ಬಿರಿದಿದೆ. ವ್ಯಾಪಾರಿ ಚೆನ್ನಾಗಿರೋ ಗೊಂಚಲು ಮಾತ್ರ ಆರಿಸಿಕೊಂಡು ಹೋದರು. ಉಳಿದದ್ದು ರುಚಿಯಲ್ಲೇನೂ ಕಡಿಮೆ ಇಲ್ಲ, ಸುಮ್ನೆ ತಿಪ್ಪೆಗೆ ಸುರಿಯಲು ಮನಸ್ಸು ಬರುತ್ತಿಲ್ಲ. ಕೊಳೆತದ್ದು, ಬೂಸ್ಟು ಹಿಡಿದದ್ದು ಎಲ್ಲ ತೆಗೆದು ಸುಮಾರು 30 ಕೆಜಿ ಇಟ್ಟುಕೊಂಡಿದ್ದೇವೆ. ಮನೆಗೆ ಆಗುವಷ್ಟು ವಿನೆಗರ್ ಮಾಡೋಣ ಅಂತ.

ನನ್ನ ಪ್ರಶ್ನೆ ಪಾತ್ರೆಯದ್ದು. ಮನೆಯಲ್ಲಿ 40 ಲೀಟರಿನ ಹಳೇ ಅಲ್ಯೂಮಿನಿಯಂ ಹಾಲಿನ ಕ್ಯಾನ್ ಇದೆ, 20 ಲೀಟರ್ ನೀರಿನ ಕ್ಯಾನ್ ಎರಡಿವೆ, ಅಜ್ಜಿ ಕಾಲದ ದೊಡ್ಡ ಉಪ್ಪಿನಕಾಯಿ ಜಾಡಿ ಇದೆ. ಪೇಟೆಯಲ್ಲಿ ನೀಲಿ ಡ್ರಮ್ಮು ಕಡಿಮೆ ಬೆಲೆಗೆ ಸಿಗುತ್ತದೆ. ಬಿಯರ್ ಮಾಡುವವರ ವಿಡಿಯೋದಲ್ಲಿ ನೋಡಿದರೆ ಬಿಗಿಯಾಗಿ ಮುಚ್ಚಿ ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಗೆ ಬಿಟ್ಟು, ಹೊರಗಿನ ಗಾಳಿ ಒಳಗೆ ಬಿಡದ ಸಾಧನ) ಹಾಕುತ್ತಾರೆ, ವಿನೆಗರ್ ವಿಡಿಯೋದಲ್ಲಿ ಬರೀ ಬಟ್ಟೆ ಕಟ್ಟುತ್ತಾರೆ. ಯಾವುದು ಸರಿ? ಒಂದೇ ಪಾತ್ರೆಯಲ್ಲಿ ಶುರುವಿನಿಂದ ಕೊನೆವರೆಗೂ ಆಗುತ್ತದಾ?

ಮಾಲೂರು_ಅಡುಗೆಮನೆ:

ಎರಡೂ ಸರಿ ಅಣ್ಣ, ಆದರೆ ಬೇರೆ ಬೇರೆ ಹೊತ್ತಿಗೆ. ವಿನೆಗರ್ ಆಗೋದು ಎರಡು ಹಂತದಲ್ಲಿ. ಮೊದಲು ಯೀಸ್ಟ್ ಹಣ್ಣಿನ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಜೊತೆಗೆ ಗ್ಯಾಸ್ ಬಿಡುತ್ತದೆ. ಆಮೇಲೆ ಬೇರೆ ಬ್ಯಾಕ್ಟೀರಿಯಾ ಬಂದು ಆ ಆಲ್ಕೋಹಾಲನ್ನು ಹುಳಿ ಮಾಡುತ್ತದೆ, ಅದಕ್ಕೆ ಗಾಳಿ ಬೇಕೇ ಬೇಕು. ಮೊದಲ ಹಂತದಲ್ಲಿ ಗ್ಯಾಸ್ ಹೊರಗೆ ಹೋಗಬೇಕು, ಎರಡನೇ ಹಂತದಲ್ಲಿ ಗಾಳಿ ಒಳಗೆ ಬರಬೇಕು. ಅದಕ್ಕೇ ಒಂದೇ ಪಾತ್ರೆ ಅಂತ ಹಟ ಬೇಡ, ಎರಡು ಇಟ್ಟುಕೊಳ್ಳಿ.

ಅಲ್ಯೂಮಿನಿಯಂ ಕ್ಯಾನನ್ನು ದಯವಿಟ್ಟು ಮುಟ್ಟಲೇಬೇಡಿ. ಹುಳಿ ಅದನ್ನು ತಿನ್ನುತ್ತದೆ, ಲೋಹ ರಸಕ್ಕೆ ಇಳಿಯುತ್ತದೆ. ತಾಮ್ರ, ಹಿತ್ತಾಳೆಯೂ ಅಷ್ಟೇ. ಡೈರಿಗಳಲ್ಲಿ ಈಗ ಸ್ಟೀಲ್ ಕ್ಯಾನೂ ಇರುತ್ತದೆ, ಅಂಥದ್ದು ಸಿಕ್ಕಿದರೆ ಮೊದಲ ಹಂತಕ್ಕೆ ಚೆನ್ನಾಗಿದೆ. ಬಾಯಿ ಅಗಲ, ಕೈ ಹಾಕಿ ಉಜ್ಜಿ ತೊಳೆಯಬಹುದು.

ನೀರಿನ ಕ್ಯಾನಿನ ಬಗ್ಗೆ ಒಂದು ಎಚ್ಚರಿಕೆ. ಸಿಪ್ಪೆ ಸಮೇತ ಹಾಕಿದರೆ ಗ್ಯಾಸ್ ಹುಟ್ಟಿದಾಗ ಸಿಪ್ಪೆಯೆಲ್ಲ ಮೇಲೆ ತೇಲಿ ಬಂದು ದಪ್ಪ ಪದರ ಕಟ್ಟುತ್ತದೆ. ಆ ಸಣ್ಣ ಕುತ್ತಿಗೆಗೆ ಸಿಪ್ಪೆ ಸಿಕ್ಕಿಕೊಂಡರೆ ಗ್ಯಾಸಿಗೆ ದಾರಿ ಇರಲ್ಲ, ಒತ್ತಡ ಏರಿ ರಸವೆಲ್ಲ ಗೋಡೆ ಮೇಲೆ ಚಿಮ್ಮುತ್ತದೆ. ಬಟ್ಟೆಯಲ್ಲಿ ಹಿಂಡಿ ಸೋಸಿದ ರಸ ಮಾತ್ರ ಆದರೆ ನಡೆಯುತ್ತದೆ. ಆಗಲೂ ಪೂರ್ತಿ ತುಂಬಬೇಡಿ, ಕಾಲು ಭಾಗ ಖಾಲಿ ಬಿಡಿ. ಬಣ್ಣ ಬೇಕು ಅಂದ್ರೆ ಸಿಪ್ಪೆ ಇರಲೇಬೇಕು, ಆಗ ಅಗಲ ಬಾಯಿಯ ಪಾತ್ರೆ ತೆಗೆದುಕೊಂಡು ದಿನಕ್ಕೆ ಎರಡು ಸಲ ಸಿಪ್ಪೆಯನ್ನು ಒಳಗೆ ಅದುಮಿ. ಮೇಲೇ ಒಣಗಲು ಬಿಟ್ಟರೆ ಬೂಸ್ಟು ಬರುತ್ತದೆ.

ಗೌರಿಬಿದನೂರು_ವರ್ಕ್‌ಶಾಪ್:

ಅಕ್ಕ ಹೇಳಿದ್ದು ಸರಿ. ಸ್ಟೀಲ್ ಬಗ್ಗೆ ನನ್ನದೊಂದು ಮಾತು. ಕೊಳ್ಳುವಾಗ 304 ಗ್ರೇಡ್ ಅಂತ ಕೇಳಿ ತೆಗೆದುಕೊಳ್ಳಿ. ತುಂಬಾ ಜನ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟದೇ ಇದ್ದರೆ 304 ಅಂದುಕೊಳ್ಳುತ್ತಾರೆ. 202 ಗ್ರೇಡಿಗೂ ಮ್ಯಾಗ್ನೆಟ್ ಅಷ್ಟಾಗಿ ಅಂಟಲ್ಲ, ಅದು ಅಗ್ಗದ್ದು, ಹುಳಿಯನ್ನು ಅಷ್ಟು ತಡೆಯಲ್ಲ. ಪಾತ್ರೆಯ ಮೇಲಿನ ಗುರುತು ನೋಡಿ, ಇಲ್ಲ ಅಂದರೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ನೀಲಿ ಡ್ರಮ್ ಅಂತೂ ಬೇಡವೇ ಬೇಡ. ಪೇಟೆಯಲ್ಲಿ ಅಗ್ಗಕ್ಕೆ ಸಿಗೋದು ಬಹಳಷ್ಟು ಸೆಕೆಂಡ್ ಹ್ಯಾಂಡ್, ಒಳಗೆ ಮೊದಲು ಯಾವ ಕೆಮಿಕಲ್ ಇತ್ತೋ ಯಾರಿಗೂ ಗೊತ್ತಿರಲ್ಲ. ಎಷ್ಟು ತೊಳೆದರೂ ಪ್ಲಾಸ್ಟಿಕ್ ಹೀರಿಕೊಂಡದ್ದು ಪೂರ್ತಿ ಹೋಗಲ್ಲ. ಪ್ಲಾಸ್ಟಿಕ್ಕೇ ಬೇಕು ಅಂದರೆ ತಳದಲ್ಲಿ ತ್ರಿಕೋನದೊಳಗೆ 2 ಅಂತ ಇರುವ, ಆಹಾರಕ್ಕೆ ಅಂತಲೇ ಮಾಡಿದ ಹೊಸ ಬಕೆಟ್ ತೆಗೆದುಕೊಳ್ಳಿ. ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಗೀರಿನೊಳಗೆ ಕ್ರಿಮಿ ಕೂತರೆ ಮತ್ತೆ ತೆಗೆಯಲು ಆಗಲ್ಲ.

ತೋಟದಮನೆ_ಚಿಕ್ಕಬಳ್ಳಾಪುರ:

ತುಂಬಾ ಥ್ಯಾಂಕ್ಸ್ ಅಕ್ಕ, ಅಣ್ಣ. ಸ್ಟೀಲ್ ಕ್ಯಾನ್ ಚಿಕ್ಕಪ್ಪನ ಮನೆಯಲ್ಲಿದೆ, ಕೇಳುತ್ತೇನೆ. ಎರಡನೇ ಹಂತಕ್ಕೆ ಅಜ್ಜಿಯ ಜಾಡಿ ಆಗುತ್ತದಾ? ಒಳಗೆ ಕೂದಲೆಳೆಯಂಥ ಗೆರೆಗಳು ಕಾಣುತ್ತಿವೆ. ಇನ್ನೊಂದು, ಅಂಗಡಿ ವಿನೆಗರ್ ಸ್ವಲ್ಪ ಹೆಪ್ಪು ಹಾಕಿದರೆ ಬೇಗ ಆಗುತ್ತದೆ ಅನ್ನುತ್ತಾರೆ, ನಿಜವಾ?

ಹುಳಿ_ಹೆಪ್ಪು_ತುಮಕೂರು:

ಆ ಜಾಡಿ ಬೇಡ. ಗೆರೆ ಅಂದರೆ ಮೇಲಿನ ಹೊಳಪಿನ ಲೇಪ ಬಿರಿದಿದೆ ಅಂತ. ವಿನೆಗರ್ ಅಲ್ಲಿಂದ ಒಳಗೆ ಇಳಿಯುತ್ತದೆ, ಹಳೇ ಉಪ್ಪಿನಕಾಯಿಯ ಎಣ್ಣೆ, ಉಪ್ಪು ಕೂಡ ಅಲ್ಲೇ ಕೂತಿರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಸೀಸ. ಹಳೇ ಕಾಲದ ಕೆಲವು ಲೇಪಗಳಲ್ಲಿ ಸೀಸ ಇರುತ್ತಿತ್ತು, ಹುಳಿ ತಿಂಗಳುಗಟ್ಟಲೆ ನಿಂತರೆ ಅದು ಬಿಟ್ಟುಕೊಳ್ಳುತ್ತದೆ. ಮಣ್ಣಿನ ಮಡಕೆಯೂ ಬೇಡ, ಜಿನುಗುತ್ತದೆ. ಅಗಲ ಬಾಯಿಯ ಗಾಜಿನ ಜಾರ್ ನಾಲ್ಕೈದು ತೆಗೆದುಕೊಂಡು ಹಂಚಿ ಇಡಿ. ಒಂದು ಕೆಟ್ಟರೂ ಉಳಿದವು ಇರುತ್ತವೆ, ಒಳಗೆ ಏನಾಗುತ್ತಿದೆ ಅಂತ ಕಣ್ಣಿಗೂ ಕಾಣುತ್ತದೆ.

ಕುತ್ತಿಗೆವರೆಗೂ ತುಂಬಬೇಡಿ, ಜಾರ್ ಅಗಲವಾಗಿರುವ ಮಟ್ಟಕ್ಕೇ ನಿಲ್ಲಿಸಿ. ಬ್ಯಾಕ್ಟೀರಿಯಾ ಕೆಲಸ ಮಾಡೋದು ಮೇಲ್ಮೈಯಲ್ಲಿ, ಗಾಳಿ ತಾಗುವ ಜಾಗ ಜಾಸ್ತಿ ಇದ್ದಷ್ಟೂ ಬೇಗ ಹುಳಿ ಬರುತ್ತದೆ. ಒತ್ತಾದ ನೇಯ್ಗೆಯ ಬಟ್ಟೆಯನ್ನು ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಾಗಿ ಕಟ್ಟಿ. ಸಣ್ಣ ಹಣ್ಣಿನ ನೊಣ ತೆಳು ಜಾಲರಿಯಲ್ಲಿ ನುಗ್ಗಿಬಿಡುತ್ತದೆ. ಬಿಸಿಲು ಬೀಳದ ಮೂಲೆ, 25ರಿಂದ 30 ಡಿಗ್ರಿ ಇದ್ದರೆ ಸಾಕು. ಒಂದರಿಂದ ಮೂರು ತಿಂಗಳು ಹಿಡಿಯಬಹುದು.

ಹೆಪ್ಪಿನ ವಿಷಯ. ಅಂಗಡಿಯ ಬಿಳಿ ವಿನೆಗರ್ ಬಾಟಲಿಯ ಮೇಲೆ ಸಿಂಥೆಟಿಕ್ ಅಂತ ಬರೆದಿದ್ದರೆ ಅದು ನೀರು ಬೆರೆಸಿದ ಅಸಿಟಿಕ್ ಆಸಿಡ್ ಅಷ್ಟೇ. ಅದರಲ್ಲಿ ಜೀವ ಇಲ್ಲ, ಹೆಪ್ಪಾಗಲ್ಲ. ಕಾಯಿಸದ, ಸೋಸದ, ತಳದಲ್ಲಿ ಮಸುಕು ಇರುವ ಹಣ್ಣಿನ ವಿನೆಗರ್ ಬೇಕು. ಎರಡನೇ ಹಂತ ಶುರುವಾಗುವಾಗ ಅದನ್ನು ಕಾಲು ಭಾಗದಷ್ಟು ಸೇರಿಸಿ, ಆಗ ಬೇರೆ ಕ್ರಿಮಿಗಳಿಗೆ ಜಾಗ ಸಿಗಲ್ಲ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಮೊದಲ ಹಂತ ಮುಗಿದಾಗ ನಿಮ್ಮ ಕ್ಯಾನಿನಲ್ಲಿ ಇರೋದು ವೈನೇ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಹಣ್ಣು ಹಿಂಡುವ ಮೊದಲೇ ಅಬಕಾರಿ ಕಚೇರಿಗೆ ಹೋಗಿ ಕೇಳಿಕೊಂಡು ಬನ್ನಿ, 30 ಕೆಜಿ ಸಣ್ಣ ಪ್ರಮಾಣ ಅಲ್ಲ.

ಮಾಲೂರು_ಅಡುಗೆಮನೆ:

ಈ ಮನೆ ವಿನೆಗರನ್ನು ಉಪ್ಪಿನಕಾಯಿ ಕೆಡದಂತೆ ಇಡಲು ಬಳಸಬೇಡಿ ಅಣ್ಣ. ಅಂಗಡಿಯಲ್ಲಿ ಮಾರುವ ವಿನೆಗರಿನಲ್ಲಿ ಕನಿಷ್ಠ 3.75 ಶೇಕಡಾ ಆಸಿಡ್ ಇರಬೇಕು ಅಂತ ನಿಯಮ ಇದೆ, ಮನೆಯದ್ದು ಎಷ್ಟಿದೆ ಅಂತ ನಾಲಿಗೆಗೆ ಗೊತ್ತಾಗಲ್ಲ. ಕೋಸಂಬರಿಗೆ, ಸಲಾಡಿಗೆ ಬಹಳ ಚೆನ್ನಾಗಿರುತ್ತದೆ. ಹುಳಿ ಸಾಕು ಅನ್ನಿಸಿದ ತಕ್ಷಣ ಸೋಸಿ ಸಣ್ಣ ಗಾಜಿನ ಬಾಟಲಿಗೆ ಕುತ್ತಿಗೆವರೆಗೂ ತುಂಬಿ ಬಿಗಿಯಾಗಿ ಮುಚ್ಚಿ. ಗಾಳಿಗೆ ಹಾಗೇ ಬಿಟ್ಟರೆ ಅದೇ ಬ್ಯಾಕ್ಟೀರಿಯಾ ಆಸಿಡನ್ನೂ ತಿಂದು ಹುಳಿ ಇಳಿಸಿಬಿಡುತ್ತದೆ. ಲೋಹದ ಮುಚ್ಚಳ ಬೇಡ, ತುಕ್ಕು ಹಿಡಿಯುತ್ತದೆ. ಕಾರ್ಕ್ ಇಲ್ಲವೇ ಪ್ಲಾಸ್ಟಿಕ್ ಮುಚ್ಚಳ ಹಾಕಿ.