ಬೋನ್ಸಾಯ್ ಬೆಳೆಸೋದು ಗಿಡಕ್ಕೆ ಹಿಂಸೆನಾ?

ನವನಗರದವಳು:
ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ. ಎರಡು ವರ್ಷದ ಹಿಂದೆ ಒಂದು ಆಲದ ಬೋನ್ಸಾಯ್ (ಕುಂಡದಲ್ಲೇ ಸಣ್ಣದಾಗಿ ಬೆಳೆಸೋ ಮರ) ತಂದೆ, ಆಮೇಲೆ ಹುಚ್ಚು ಹತ್ತಿತು, ಈಗ ಟೆರೇಸ್ ಮೇಲೆ ಐದು ಗಿಡ ಇವೆ. ಅದರಲ್ಲಿ ಅರಳಿಯೊಂದು ನಮ್ಮ ನೀರಿನ ಟ್ಯಾಂಕಿನ ಬಿರುಕಲ್ಲಿ ತಾನಾಗಿ ಹುಟ್ಟಿದ್ದು. ಕಳೆದ ವಾರ ಊರಿಂದ ಅತ್ತೆ ಬಂದಿದ್ದರು. ಆಲದ ಕೊಂಬೆ ಬಾಗಿಸೋಕೆ ಸುತ್ತಿದ ತಂತಿ ನೋಡಿ "ಕೂಸಿನ ಕಾಲು ಕಟ್ಟಿ ಬೆಳೆಸಿದಂಗ ಐತಿ" ಅಂದರು. ನಾನು ಸುಮ್ನೆ ಇದ್ದೆ. ಅವರು ಕೆಳಗಿಳಿದ ಮೇಲೆ ಬಗ್ಗಿ ನೋಡಿದರೆ ತಂತಿ ತೊಗಟೆಯೊಳಗೆ ಹೂತುಹೋಗಿದೆ! ಬಿಚ್ಚೋದನ್ನ ನಾನೇ ಮರೆತಿದ್ದೆ. ಅವತ್ತಿಂದ ಮನಸ್ಸು ಕೊರೀತಿದೆ. ನಿಜವಾಗ್ಲೂ ಇದು ಹಿಂಸೆನಾ?

ತಿಕೋಟಾ ದ್ರಾಕ್ಷಿ:
ಅಕ್ಕಾ, ಹಾಗಾದ್ರೆ ನಮ್ಮನ್ನೇ ಮೊದಲು ಜೈಲಿಗೆ ಹಾಕಬೇಕು. ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ (ಕಡ್ಡಿ ಕತ್ತರಿಸೋದು) ಮಾಡ್ತೀವಿ, ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಕತ್ತರಿಸಿದ ಕಡ್ಡಿಯ ತುದಿಯಿಂದ ಕೆಲವು ಸಲ ನೀರು ತೊಟ್ಟಿಕ್ಕುತ್ತೆ, ನನ್ನ ಮಗಳು ಸಣ್ಣವಳಿದ್ದಾಗ ಬಳ್ಳಿ ಅಳ್ತಿದೆ ಅಂತ ಬಟ್ಟೆ ಕಟ್ಟೋಕೆ ಹೋಗಿದ್ದಳು. ಅಲ್ಲೇ ಹೊಸ ಚಿಗುರು ಬರುತ್ತೆ. ಕತ್ತರಿ ಹಾಕಿದ ಮಾತ್ರಕ್ಕೆ ಹಿಂಸೆ ಅನ್ನೋಕಾಗಲ್ಲ.

ಉಸುಕು ಗೊಬ್ಬರ:
ವಿಜಯಪುರದಿಂದ, ಹನ್ನೆರಡು ವರ್ಷದಿಂದ ಮಾಡ್ತಿದ್ದೀನಿ. ಗಿಡಕ್ಕೆ ನರ ಇಲ್ಲ, ಮಿದುಳಿಲ್ಲ, ನಮ್ಮ ಹಾಗೆ ನೋವಾಗುತ್ತೆ ಅನ್ನೋಕೆ ಆಧಾರ ಇಲ್ಲ. ಉಪವಾಸ ಕೆಡವಿ ಸಣ್ಣದು ಮಾಡ್ತಾರೆ ಅನ್ನೋದೂ ಸುಳ್ಳು. ಗೊಬ್ಬರ ಹಾಕ್ತೀವಿ, ಎರಡು ಮೂರು ವರ್ಷಕ್ಕೊಮ್ಮೆ ಬೇರು ಸವರಿ ಮಣ್ಣು ಬದಲಿಸ್ತೀವಿ, ಆಗ ಎಳೆ ಬೇರು ಬರುತ್ತೆ. ಅದನ್ನೇ ನೆಲಕ್ಕೆ ಹಾಕಿ, ಮತ್ತೆ ಮರವಾಗೋಕೆ ಹೊರಡುತ್ತೆ.

ಹಿಂಸೆ ಯಾವುದು ಅಂತ ಹೇಳ್ತೀನಿ. ಒಂದು ಮೇ ತಿಂಗಳಲ್ಲಿ ಎರಡು ದಿನ ಮದುವೆಗೆ ಹೋದೆ, ನೀರು ಹಾಕೋಕೆ ಯಾರಿಗೂ ಹೇಳಿರಲಿಲ್ಲ. ನಮ್ಮ ಬಿಸಿಲು ಗೊತ್ತಲ್ಲ. ವಾಪಸ್ ಬಂದಾಗ ಎಂಟು ವರ್ಷದ ಹುಣಸೆ ಎಲೆ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಯ್ತು.

ಅದೇ ದಿನಾ ನೋಡಿಕೊಂಡರೆ? 1625ರಿಂದ ಬೋನ್ಸಾಯ್ ಆಗಿ ಬೆಳೆದ ಜಪಾನಿನ ಒಂದು ಪೈನ್, 1945ರಲ್ಲಿ ಹಿರೋಶಿಮಾ ಮೇಲೆ ಬಾಂಬ್ ಬಿದ್ದಾಗ ಸುಮಾರು 3 ಕಿಲೋಮೀಟರ್ ದೂರದಲ್ಲಿ ಗೋಡೆ ಮರೆಯಲ್ಲಿ ಉಳಿಯಿತು. ಯಮಾಕಿ ಮನೆತನದವರು 1976ರಲ್ಲಿ ಅದನ್ನ ಅಮೆರಿಕಕ್ಕೆ ಕೊಟ್ಟರು, ಈಗಲೂ ವಾಷಿಂಗ್ಟನ್‌ನಲ್ಲಿ ಹಸಿರಾಗಿದೆ.

ನಿಮ್ಮ ಆಲದ ತಂತಿ ಬಿಚ್ಚೋಕೆ ಹೋಗಬೇಡಿ, ತೊಗಟೆ ಕಿತ್ತು ಬರುತ್ತೆ. ಕಟ್ಟರ್‌ನಿಂದ ತುಂಡು ತುಂಡು ಮಾಡಿ ತೆಗೀರಿ. ಇನ್ನೊಂದು, ಎರೆ ಮಣ್ಣು ಮಾತ್ರ ಬೇಡ, ಮಳೆಗೆ ನೀರು ನಿಲ್ಲುತ್ತೆ, ಒಣಗಿದರೆ ಬಿರಿಯುತ್ತೆ. ಉಸುಕು, ಇಟ್ಟಿಗೆ ಚೂರು, ಕೊಳೆತ ಗೊಬ್ಬರ ಸಾಕು.

ಬೆಳಗಾವಿ ಮಳೆ:
ನಾನು ಒಪ್ಪಲ್ಲ. 400 ವರ್ಷ ಕುಂಡದಲ್ಲಿ ಇಟ್ಟಿದ್ದೀವಿ ಅಂತ ಹೆಮ್ಮೆ ಪಡ್ತೀರಿ, ಅದು ಆಯುಸ್ಸೋ ಸೆರೆವಾಸವೋ? ನಮ್ಮ ಕ್ಯಾಂಪ್ (ದಂಡು ಪ್ರದೇಶ) ಕಡೆಯ ದೊಡ್ಡ ಮರಗಳ ಕೆಳಗೆ ಒಮ್ಮೆ ನಿಂತು ನೋಡಿ. ದ್ರಾಕ್ಷಿ ಹೊಟ್ಟೆಪಾಡು, ಅದು ಬೇರೆ. ಇಲ್ಲಿ ಕತ್ತರಿಸೋದು ನಮ್ಮ ಕಣ್ಣಿಗೆ ಚಂದ ಕಾಣಲಿ ಅಂತ ಅಷ್ಟೆ. ನೋವಾಗಲ್ಲ ಅಂತಲೇ ಇಟ್ಕೊಳ್ಳೋಣ. ಮಾಡಿ, ಬೇಡ ಅನ್ನಲ್ಲ, ಆದ್ರೆ ಗಿಡದ ಒಳ್ಳೇದಕ್ಕೆ ಅನ್ನಬೇಡಿ.

ಉಸುಕು ಗೊಬ್ಬರ:
ನಮ್ಮ ಖುಷಿಗೇ, ಹೌದು. ಆದ್ರೆ ಟ್ಯಾಂಕಿನ ಬಿರುಕಲ್ಲಿದ್ದ ಅರಳಿಯನ್ನ ಯಾರಾದ್ರೂ ಕಿತ್ತು ಎಸೀತಿದ್ದರು, ಇಲ್ಲ ಆ್ಯಸಿಡ್ ಸುರೀತಿದ್ದರು. ಅದಕ್ಕೆ ಮರವಾಗೋ ದಾರಿ ಎಲ್ಲಿತ್ತು?

ನವನಗರದವಳು:
ತಂತಿ ತೆಗೆದೆ, ಹನ್ನೊಂದು ತುಂಡಾಯ್ತು. ಕೊಂಬೆ ಮೇಲೆ ಸ್ಕ್ರೂ ಸುರುಳಿಯ ಹಾಗೆ ಗೆರೆ ಉಳಿದಿದೆ. ಬೆಳಗಾವಿಯವರ ಮಾತು ಚುಚ್ಚಿತು, ಒಪ್ಪಿದೆ. ಅರಳಿಯನ್ನ ಮಳೆ ಬಿದ್ದ ಮೇಲೆ ಅತ್ತೆಯ ಊರಿನ ಹೊಲದಲ್ಲಿ ಹಚ್ಚೋಣ ಅಂತ ಮಾತಾಗಿದೆ. ಆಲ ಮಾತ್ರ ಕೊಡಲ್ಲ, ಇನ್ಮೇಲೆ ತಂತಿ ಸುತ್ತಿದ ದಿನ ಕ್ಯಾಲೆಂಡರ್‌ನಲ್ಲಿ ಬರೆದಿಡ್ತೀನಿ. ಇಟ್ಟಿಗೆ ಚೂರು ಸೋಸೋಕೆ ಗೌಂಡಿಗಳ ಉಸುಕಿನ ಜರಡಿ ನಡೆಯುತ್ತಾ? ಅಡುಗೆಮನೆ ಸಾಣಿಗೆ ಮುಟ್ಟೋ ಹಾಗಿಲ್ಲ.