ಅಮೆರಿಕದ ಬಂದರುಗಳನ್ನು ದುಬೈಗೆ ಮಾರಿದ್ದು ನಿಜವಾ? 2006ರ ಗಲಾಟೆ ಬಗ್ಗೆ ಒಂದು ಪ್ರಶ್ನೆ

ಸುಮ್ನೆಕೇಳ್ತೀನಿ:

ಎಲ್ಲರಿಗೂ ನಮಸ್ಕಾರ. ಪನಾಮ ಕಾಲುವೆಯ ಎರಡು ತುದಿಯ ಬಾಲ್ಬೋವಾ, ಕ್ರಿಸ್ಟೋಬಾಲ್ ಬಂದರುಗಳು ಹಾಂಗ್‌ಕಾಂಗ್ ಕಂಪನಿಯ ಕೈಯಲ್ಲಿವೆ ಎಂದು 2025ರಲ್ಲಿ ಟ್ರಂಪ್ ಗದ್ದಲ ಎಬ್ಬಿಸಿದರಲ್ಲ, ಅದನ್ನು ಓದಲು ಕೂತೆ. ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ 2006ರ ದುಬೈ ಪೋರ್ಟ್ಸ್ ವಿವಾದಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ತಿಳಿದದ್ದು ಇಷ್ಟು. ಬಂದರು ನಡೆಸುವ ದುಬೈ ಸರ್ಕಾರದ ಡಿಪಿ ವರ್ಲ್ಡ್ ಕಂಪನಿ, ಅದೇ ಕೆಲಸದ ಬ್ರಿಟನ್ನಿನ ಪಿ ಅಂಡ್ ಓ ಕಂಪನಿಯನ್ನು ಸುಮಾರು 390 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಅದರ ಜೊತೆಗೆ ನ್ಯೂಯಾರ್ಕ್, ನ್ಯೂಜೆರ್ಸಿ, ಫಿಲಡೆಲ್ಫಿಯಾ, ಬಾಲ್ಟಿಮೋರ್, ಮಯಾಮಿ, ನ್ಯೂ ಆರ್ಲಿಯನ್ಸ್ ಬಂದರುಗಳೂ ದುಬೈ ಪಾಲಾಗುತ್ತವೆ ಎಂದು ಬೊಬ್ಬೆ ಎದ್ದಿತು. ಅಧ್ಯಕ್ಷ ಬುಷ್ ಒಪ್ಪಂದದ ಪರ, ಅವರ ಪಕ್ಷದವರೇ ವಿರುದ್ಧ. ಕೊನೆಗೆ ದುಬೈನವರೇ ಹಿಂದೆ ಸರಿದರು.

ತಲೆಗೆ ಹೋಗದಿರುವುದು ಏನೆಂದರೆ, ಬಂದರು ಅಂದರೆ ದೇಶದ ಬಾಗಿಲು ಅಲ್ವಾ? ಅದನ್ನು ಹೊರಗಿನವರಿಗೆ ಮಾರಲು ಆಗುವುದಾದರೂ ಹೇಗೆ? ಬ್ರಿಟಿಷರ ಕೈಯಲ್ಲಿದ್ದಾಗ ಸುಮ್ಮನಿದ್ದವರು ದುಬೈ ಅಂದ ಕೂಡಲೇ ಎದ್ದು ನಿಂತದ್ದು ಯಾಕೆ? ನಿಜವಾಗಿ ಅಪಾಯ ಇತ್ತಾ, ಬರೀ ರಾಜಕೀಯವಾ?

ಮೂರನೇಕಣ್ಣು:

ಇದರಲ್ಲಿ ಅರ್ಥವಾಗದಿರುವುದು ಏನಿದೆ? 2001ರ ಸೆಪ್ಟೆಂಬರ್ 11ರ ವಿಮಾನ ಅಪಹರಣಕಾರರಲ್ಲಿ ಇಬ್ಬರು ಎಮಿರೇಟ್ಸ್ ಪ್ರಜೆಗಳು. ಐದು ವರ್ಷ ಕೂಡ ಆಗಿರಲಿಲ್ಲ. ಅದೇ ದೇಶದ ಸರ್ಕಾರಿ ಕಂಪನಿಗೆ ನ್ಯೂಯಾರ್ಕ್ ಬಂದರಿನಲ್ಲಿ ಜಾಗ ಕೊಡುತ್ತೇವೆ ಅಂದರೆ ಜನ ಚಪ್ಪಾಳೆ ಹೊಡೆಯಬೇಕಿತ್ತಾ? ಜನ ಕೇಳಿದ್ದು ಸರಿಯಾದ ಪ್ರಶ್ನೆ.

ಬೇಪ್ಲಾನ್:

ನಾನು ಕಂಟೇನರ್ ಟರ್ಮಿನಲ್‌ನಲ್ಲಿ ಶಿಪ್ ಪ್ಲಾನರ್ ಆಗಿ ಕೆಲಸ ಮಾಡಿದವನು. ಯಾವ ಡಬ್ಬ, ಅಂದರೆ ಕಂಟೇನರ್, ಹಡಗಿನ ಯಾವ ಮೂಲೆಗೆ ಹೋಗಬೇಕು, ಯಾವುದು ಮೊದಲು ಇಳಿಯಬೇಕು ಎಂದು ಪರದೆಯ ಮುಂದೆ ಕೂತು ಹೊಂದಿಸುವ ಕೆಲಸ. ಅಲ್ಲಿಂದ ಕಂಡ ಹಾಗೆ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಮೊದಲು, ಆರು ಬಂದರು ಮಾರಾಟವಾದವು ಎಂಬುದು ಸುಳ್ಳು. ಆ ಬಂದರುಗಳ ನೆಲ, ಧಕ್ಕೆ ಅಲ್ಲಿನ ಸಾರ್ವಜನಿಕ ಬಂದರು ಸಂಸ್ಥೆಗಳದ್ದು. ಆಗಲೂ ಅಷ್ಟೇ, ಈಗಲೂ ಅಷ್ಟೇ. ಅವು ಧಕ್ಕೆಯ ಒಂದೊಂದು ತುಂಡನ್ನು ವರ್ಷಗಳ ಲೆಕ್ಕದಲ್ಲಿ ಗುತ್ತಿಗೆ ಕೊಡುತ್ತವೆ. ಗುತ್ತಿಗೆ ಹಿಡಿದವರು ಕ್ರೇನ್ ನಿಲ್ಲಿಸಿ, ಡಬ್ಬ ಪೇರಿಸಿಡುವ ಯಾರ್ಡ್ ನಡೆಸಿ, ಡಬ್ಬಕ್ಕಿಷ್ಟು ಎಂದು ದುಡ್ಡು ಎಣಿಸುತ್ತಾರೆ. ಪಿ ಅಂಡ್ ಓ ಮಾಡುತ್ತಿದ್ದದ್ದು ಈ ಕೆಲಸವನ್ನು. ನ್ಯೂವಾರ್ಕ್ ಕಂಟೇನರ್ ಟರ್ಮಿನಲ್‌ನಲ್ಲಂತೂ ಅದಕ್ಕೆ ಇದ್ದದ್ದು ಅರ್ಧ ಪಾಲು ಮಾತ್ರ. ದುಬೈ ಕೊಂಡದ್ದು ಆ ಗುತ್ತಿಗೆಗಳನ್ನು. ಟಿವಿಯಲ್ಲಿ ಹೀಗೆ ಹೇಳಿದರೆ ಯಾರೂ ನೋಡುವುದಿಲ್ಲ ಬಿಡಿ.

ಎರಡನೆಯದು ಭದ್ರತೆ. ಟರ್ಮಿನಲ್ ನಡೆಸುವವನಿಗೆ ಡಬ್ಬದೊಳಗೆ ಏನಿದೆ ಎಂದು ಕಾಣುವುದಿಲ್ಲ. ಕಾಣುವುದು ನಂಬರ್, ತೂಕ, ಸೀಲ್, ಅಪಾಯಕಾರಿ ಸರಕಾ ಅನ್ನುವ ಗುರುತು, ರೀಫರ್, ಅಂದರೆ ತಂಪು ಡಬ್ಬ ಆದರೆ ಎಷ್ಟು ಡಿಗ್ರಿ. ಕಸ್ಟಮ್ಸ್‌ನವರು ಒಂದು ಡಬ್ಬವನ್ನು ತಡೆದರೆ ಪರದೆಯ ಮೇಲೆ ಹೋಲ್ಡ್ ಎಂದು ಬರುತ್ತದೆ. ಅದನ್ನು ನಾನು ತೆಗೆಯಲು ಆಗುವುದಿಲ್ಲ. ನನ್ನ ಮ್ಯಾನೇಜರ್ ಕೈಯಲ್ಲೂ ಇಲ್ಲ, ಕಂಪನಿಯ ಮಾಲೀಕ ಬಂದರೂ ಇಲ್ಲ. ಕೀಲಿ ಸರ್ಕಾರದ ಕೈಯಲ್ಲಿ. ಅಮೆರಿಕದಲ್ಲೂ ತಪಾಸಣೆ ಕಸ್ಟಮ್ಸ್‌ನವರದ್ದು, ನೀರಿನ ಕಡೆ ಕೋಸ್ಟ್ ಗಾರ್ಡ್, ದಡದಲ್ಲಿ ಡಬ್ಬ ಎತ್ತಿ ಇಳಿಸುವವರು ಅಲ್ಲಿನದೇ ಯೂನಿಯನ್ ಕಾರ್ಮಿಕರು. ಮಾಲೀಕ ಲಂಡನ್‌ನಲ್ಲಿದ್ದರೂ ದುಬೈನಲ್ಲಿದ್ದರೂ ಈ ಮೂವರು ಬದಲಾಗುತ್ತಿರಲಿಲ್ಲ.

ನಿಜವಾದ ತೂತು ಬೇರೆ ಕಡೆ ಇತ್ತು. ಆಗ ಅಮೆರಿಕಕ್ಕೆ ಬರುತ್ತಿದ್ದ ಡಬ್ಬಗಳಲ್ಲಿ ತಪಾಸಣೆ ಮಾಡುತ್ತಿದ್ದದ್ದು ನೂರಕ್ಕೆ ಐದಾರು. ಉಳಿದದ್ದು ಕಾಗದ ನಂಬಿ ಬಿಡುವುದು. ಹಾಗಾಗಿಯೇ ಡಬ್ಬ ಪರದೇಶದಲ್ಲಿ ಹಡಗು ಹತ್ತುವ 24 ಗಂಟೆ ಮೊದಲೇ ಮ್ಯಾನಿಫೆಸ್ಟ್, ಅಂದರೆ ಸರಕಿನ ಪಟ್ಟಿ ಕಳಿಸಬೇಕು ಎಂಬ ನಿಯಮ ತಂದಿದ್ದರು. ಕೆಟ್ಟ ಡಬ್ಬವನ್ನು ಹಿಡಿಯಬೇಕಾದದ್ದು ಅದು ಹೊರಡುವ ಕಡೆ. ಇನ್ನೊಂದು ತಮಾಷೆ ಗೊತ್ತಾ? ಹೊರಡುವ ಕಡೆಯೇ ತಪಾಸಣೆ ಮಾಡಲು ಅಮೆರಿಕದ ಕಸ್ಟಮ್ಸ್‌ನವರನ್ನು ತನ್ನ ಬಂದರಿಗೆ ಬಿಟ್ಟುಕೊಂಡ ಮಧ್ಯಪ್ರಾಚ್ಯದ ಮೊದಲ ಬಂದರು ದುಬೈದೇ. ಅಮೆರಿಕದ ಯುದ್ಧನೌಕೆಗಳು ದುಬೈನ ಜೆಬೆಲ್ ಅಲಿ ಬಂದರಿಗೆ ಬಂದು ನಿಲ್ಲುತ್ತಿದ್ದವು. ತಮ್ಮ ನೌಕಾಪಡೆಯನ್ನೇ ಅವರ ಧಕ್ಕೆಯಲ್ಲಿ ಕಟ್ಟಿ ನಿಲ್ಲಿಸುವವರು ನಮ್ಮ ಧಕ್ಕೆಗೆ ನೀವು ಬರಬೇಡಿ ಅಂದ ಹಾಗಾಯಿತು.

ಹಾಗಾದರೆ ಗಲಾಟೆ ಎಲ್ಲಿಂದ ಬಂತು? ಶುರುವಾದದ್ದು ಒಂದು ವ್ಯಾಪಾರದ ಜಗಳದಿಂದ. ಮಯಾಮಿಯಲ್ಲಿ ಪಿ ಅಂಡ್ ಓ ಜೊತೆ ಪಾಲುದಾರನಾಗಿದ್ದ ಎಲ್ಲರ್ ಅಂಡ್ ಕಂಪನಿಗೆ ಹೊಸ ಮಾಲೀಕ ಬೇಡವಾಗಿತ್ತು. ಅವರು ವಾಷಿಂಗ್ಟನ್‌ಗೆ ತಮ್ಮ ಲಾಬಿಗಾರನನ್ನು ಕಳಿಸಿದರು. ಸೆನೆಟರ್ ಚಕ್ ಶೂಮರ್ ಫೆಬ್ರುವರಿಯಲ್ಲಿ ದನಿ ಎತ್ತಿದರು. ಅಲ್ಲಿಂದ ಟಿವಿಗೆ ಬೆಂಕಿ ಹತ್ತಿತು. ವಿದೇಶಿ ಹೂಡಿಕೆ ಪರಿಶೀಲಿಸುವ ಸಮಿತಿ ಜನವರಿಯಲ್ಲೇ ಒಪ್ಪಿಗೆ ಕೊಟ್ಟಾಗಿತ್ತು. ಆದರೆ 45 ದಿನದ ಎರಡನೇ ತನಿಖೆ ಮಾಡದೆ ಬಿಟ್ಟಿತ್ತು. ಬುಷ್‌ಗೆ ವಿಷಯ ತಿಳಿದದ್ದೇ ಒಪ್ಪಿಗೆ ಆದ ಮೇಲೆ ಎಂದು ಶ್ವೇತಭವನ ಹೇಳಿತು. ಹೀಗೆ ಹೇಳಿದ ಮೇಲೆ ಯಾರು ಸುಮ್ಮನಿರುತ್ತಾರೆ? ಫೆಬ್ರುವರಿ 21ಕ್ಕೆ ಬುಷ್, ಒಪ್ಪಂದ ತಡೆಯುವ ಮಸೂದೆ ತಂದರೆ ವೀಟೋ ಹಾಕುತ್ತೇನೆ ಎಂದು ಬೆದರಿಸಿದರು. ಅಲ್ಲಿಯವರೆಗೆ ಅವರು ಒಂದು ಮಸೂದೆಗೂ ವೀಟೋ ಹಾಕಿದವರಲ್ಲ. ಮಾರ್ಚ್ 8ಕ್ಕೆ ಕೆಳಮನೆಯ ಹಣ ಮಂಜೂರಾತಿ ಸಮಿತಿ 62-2 ಮತದಿಂದ ಒಪ್ಪಂದದ ವಿರುದ್ಧ ನಿಂತಿತು. ಮರುದಿನವೇ, ಅಮೆರಿಕದ ಭಾಗವನ್ನು ಬಿಟ್ಟುಕೊಡುತ್ತೇವೆ ಎಂಬ ಡಿಪಿ ವರ್ಲ್ಡ್ ಹೇಳಿಕೆಯನ್ನು ಸೆನೆಟರ್ ಜಾನ್ ವಾರ್ನರ್ ಸಭೆಯಲ್ಲಿ ಓದಿದರು. ಚುನಾವಣೆ ಇದ್ದದ್ದು ಅದೇ ನವೆಂಬರ್‌ನಲ್ಲಿ.

ಪಿ ಅಂಡ್ ಓ ಕೈಯಲ್ಲಿದ್ದ ಮುಂಬೈ ಹತ್ತಿರದ ನಮ್ಮ ನವಾ ಶೇವಾ ಟರ್ಮಿನಲ್ ಕೂಡ ಅದೇ ಮಾರಾಟದಲ್ಲೇ ದುಬೈಗೆ ಹೋಯಿತು. ಇದು ಎಷ್ಟು ಜನಕ್ಕೆ ಗೊತ್ತು?

ಮೂರನೇಕಣ್ಣು:

ಸರ್, ಕೆಲಸ ಮಾಡಿದವರು ನೀವು, ಡಬ್ಬದ ವಿಷಯ ಒಪ್ಪಿದೆ. ಆದರೆ ನಿಮ್ಮ ವಾದ ಕೇಳಿದರೆ ಮಾಲೀಕ ಯಾರಾದರೂ ಒಂದೇ ಅನ್ನುವ ಹಾಗಿದೆ. ಹಂಬನ್‌ತೋಟ ನೋಡಿ. 2017ರಲ್ಲಿ ಶ್ರೀಲಂಕಾ 112 ಕೋಟಿ ಡಾಲರ್‌ಗೆ 99 ವರ್ಷದ ಗುತ್ತಿಗೆ ಕೊಟ್ಟಿತು, ಚೀನಾದ ಸರ್ಕಾರಿ ಕಂಪನಿ ಚೀನಾ ಮರ್ಚೆಂಟ್ಸ್‌ಗೆ. 2022ರಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಹಡಗು ಯುವಾನ್ ವಾಂಗ್ 5 ಅಲ್ಲಿಗೇ ಬಂದು ನಿಂತಿತು. ಆಸ್ಟ್ರೇಲಿಯಾದ ಡಾರ್ವಿನ್ ಕೂಡ 99 ವರ್ಷಕ್ಕೆ ಚೀನಾದ ಲ್ಯಾಂಡ್‌ಬ್ರಿಡ್ಜ್ ಕೈಗೆ ಹೋಯಿತು, 2015ರಲ್ಲಿ. ಅಮೆರಿಕದ ಮರೀನ್ ಸೈನಿಕರು ಬಂದು ತಂಗುವ ಊರದು! ಒಬಾಮಾ ಈ ಬಗ್ಗೆ ಆಸ್ಟ್ರೇಲಿಯಾದ ಪ್ರಧಾನಿ ಹತ್ತಿರ ಅಸಮಾಧಾನ ಹೇಳಿಕೊಂಡರು. ಖಾಸಗಿ ಕಂಪನಿ ಬೇರೆ, ಇನ್ನೊಂದು ದೇಶದ ಸರ್ಕಾರವೇ ಕಂಪನಿಯ ವೇಷದಲ್ಲಿ ಬರುವುದು ಬೇರೆ. ಲಂಡನ್‌ನ ಪಿ ಅಂಡ್ ಓಗೂ ದುಬೈನ ಡಿಪಿ ವರ್ಲ್ಡ್‌ಗೂ ಇದ್ದ ವ್ಯತ್ಯಾಸ ಅದೇ. ಯುದ್ಧ ಬಂದರೆ ಆ ಕಂಪನಿ ಯಾರ ಮಾತು ಕೇಳುತ್ತದೆ?

ಬೇಪ್ಲಾನ್:

ನೀವು ಕೇಳಿದ್ದು ಗಟ್ಟಿ ಪ್ರಶ್ನೆ. ಸರ್ಕಾರಿ ಕಂಪನಿ ಬೇರೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ನೀವು ಕೊಟ್ಟ ಉದಾಹರಣೆಗಳನ್ನೇ ಹತ್ತಿರದಿಂದ ನೋಡಿ. ಯುವಾನ್ ವಾಂಗ್ 5 ವಿಷಯದಲ್ಲಿ ಮೊದಲು ಭೇಟಿ ಮುಂದೂಡಿ ಅಂದದ್ದು ಶ್ರೀಲಂಕಾ ಸರ್ಕಾರ, ಆಮೇಲೆ ಬನ್ನಿ ಅಂದದ್ದೂ ಅದೇ. ಗುತ್ತಿಗೆದಾರ ಅನುಮತಿ ಕೊಡಲಿಲ್ಲ. ಸಾಲದ ಹೊರೆ, ಡಾಲರ್ ಕೊರತೆ ಇದ್ದ ಸರ್ಕಾರಕ್ಕೆ ಬೇಡ ಅನ್ನುವ ಧೈರ್ಯ ಎಷ್ಟಿರುತ್ತದೆ ಅನ್ನುವುದು ಬೇರೆ ಮಾತು. ಆ ಧೈರ್ಯ ಬಂದರು ಸ್ವಂತದ್ದಾಗಿದ್ದರೂ ಬರುತ್ತಿರಲಿಲ್ಲ.

ಡಾರ್ವಿನ್‌ನಲ್ಲಿ ತಪ್ಪಿದ್ದು ಕಾಗದದ ಕೆಲಸ. ಗುತ್ತಿಗೆ ಕೊಟ್ಟದ್ದು ನಾರ್ದರ್ನ್ ಟೆರಿಟರಿ ಸರ್ಕಾರ, 50.6 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ. ಅಂಥ ಸರ್ಕಾರ ತನ್ನ ಆಸ್ತಿಯನ್ನು ಖಾಸಗಿ ಕಂಪನಿಗೆ ಕೊಟ್ಟರೆ ವಿದೇಶಿ ಹೂಡಿಕೆ ಮಂಡಳಿ ನೋಡಬೇಕಿಲ್ಲ ಎಂದು ಆಗಿನ ನಿಯಮ. ಆಮೇಲೆ ನಿಯಮ ಬದಲಿಸಿದರು. 2023ರ ಪರಿಶೀಲನೆಯಲ್ಲಿ ಗುತ್ತಿಗೆ ರದ್ದು ಮಾಡುವ ಅಗತ್ಯವಿಲ್ಲ ಅಂದರು. 2025ರ ಚುನಾವಣೆ ಹೊತ್ತಿಗೆ ಆಸ್ಟ್ರೇಲಿಯಾದ ಎರಡೂ ದೊಡ್ಡ ಪಕ್ಷದವರು ವಾಪಸ್ ತರುತ್ತೇವೆ ಅಂದರು. 99 ವರ್ಷದ ಕಾಗದಕ್ಕೆ ಸಹಿ ಹಾಕುವಾಗ ಇದನ್ನೆಲ್ಲ ಯೋಚಿಸಬೇಕಿತ್ತು. ವಾಪಸ್ ಕಿತ್ತುಕೊಳ್ಳಲು ಸರ್ಕಾರಕ್ಕೆ ಆಗುತ್ತದೆ, ಅದೇನೂ ಕಷ್ಟವಲ್ಲ. ಜಿಬೂತಿ 2018ರಲ್ಲಿ ಡೊರಾಲೆ ಟರ್ಮಿನಲ್ಲನ್ನು ಇದೇ ಡಿಪಿ ವರ್ಲ್ಡ್ ಕೈಯಿಂದ ಕಿತ್ತುಕೊಂಡಿತು. ಆಮೇಲೆ ಲಂಡನ್ ಮಧ್ಯಸ್ಥಿಕೆಯಲ್ಲಿ ಕೇಸಿನ ಮೇಲೆ ಕೇಸು.

ಇನ್ನು ಮಾಲೀಕ ಯಾರಾದರೂ ಒಂದೇ ಎಂದು ನಾನು ಹೇಳುವುದಿಲ್ಲ. ವ್ಯತ್ಯಾಸ ಇದೆ, ಆದರೆ ಭಾಷಣ ಮಾಡುವವರು ಅದನ್ನು ಹೇಳುವುದೇ ಇಲ್ಲ. ನಾನಿದ್ದ ಟರ್ಮಿನಲ್ ಒಮ್ಮೆ ಕೈ ಬದಲಾಯಿತು. ಹೆಲ್ಮೆಟ್ ಮೇಲಿನ ಸ್ಟಿಕರ್, ಸಂಬಳದ ಚೀಟಿಯ ಮೇಲಿನ ಹೆಸರು ಬದಲಾದವು. ಕ್ರೇನ್ ಅದೇ, ನಾವು ಅದೇ. ಕೆಲವು ತಿಂಗಳ ಮೇಲೆ ಬರ್ತ್ ವಿಂಡೋ ಪಟ್ಟಿ ಹೊಸದಾಗಿ ಬಂತು. ಬರ್ತ್ ವಿಂಡೋ ಅಂದರೆ ಯಾವ ಲೈನಿನ (ಹಡಗು ಕಂಪನಿಯ) ಹಡಗು ವಾರದ ಯಾವ ದಿನ, ಯಾವ ಹೊತ್ತಿಗೆ ಧಕ್ಕೆಗೆ ಬರಬಹುದು ಅನ್ನುವ ಹಕ್ಕು. ಹೊಸ ಮಾಲೀಕರಿಗೆ ಬೇಕಾದ ಲೈನಿಗೆ ಒಳ್ಳೆಯ ಹೊತ್ತು ಸಿಕ್ಕಿತು. ಚಿಕ್ಕ ಲೈನಿನ ಹಡಗುಗಳು ಹೊರಗೆ ಲಂಗರು ಹಾಕಿ ಕಾಯತೊಡಗಿದವು. ಹಡಗು ಕಾದರೆ ದುಡ್ಡು ಸುರಿಯುತ್ತದೆ. ಆ ದುಡ್ಡು ಕೊನೆಗೆ ಸರಕಿನ ಬೆಲೆಗೆ ಸೇರುತ್ತದೆ. ಆಮದು ಮಾಡುವವರು ಫೋನಿನಲ್ಲಿ ಬೈಯುತ್ತಿದ್ದದ್ದು ನಮ್ಮನ್ನು. ಪಟ್ಟಿ ಮಾಡಿದವರು ಅವರಿಗೆ ಸಿಗುತ್ತಲೇ ಇರಲಿಲ್ಲ.

ಇದನ್ನು ಗ್ರೀಸಿನ ಪಿರೇಯಸ್‌ಗೆ ಹಚ್ಚಿ ನೋಡಿ. ಚೀನಾದ ಸರ್ಕಾರಿ ಕಂಪನಿ ಕಾಸ್ಕೊ 2008ರಲ್ಲಿ ಅಲ್ಲಿ ಧಕ್ಕೆಗಳ ಗುತ್ತಿಗೆ ಹಿಡಿಯಿತು. 2016ರಲ್ಲಿ 28.05 ಕೋಟಿ ಯೂರೋಗೆ ಬಂದರು ಸಂಸ್ಥೆಯ ಶೇಕಡಾ 51 ಪಾಲನ್ನೇ ಕೊಂಡಿತು, 2021ರಲ್ಲಿ ಅದು 67 ಆಯಿತು. ಇದು ಅಮೆರಿಕದ ತರಹ ಅಲ್ಲ, ಇಲ್ಲಿ ಕೈ ಬದಲಾದದ್ದು ಇಡೀ ಬಂದರು ನಡೆಸುವ ಸಂಸ್ಥೆ. ಕಾಸ್ಕೊಗೆ ಸ್ವಂತ ಹಡಗುಗಳೂ ಇವೆ. ಹಡಗಿನವನೇ ಧಕ್ಕೆಯ ಯಜಮಾನನಾದರೆ ಯಾರ ಹಡಗು ಮೊದಲು ಅನ್ನುವುದನ್ನು ಯಾರು ತೀರ್ಮಾನಿಸುತ್ತಾರೆ? ವ್ಯಾಪಾರ ಏರಿದ್ದೂ ನಿಜ, ವರ್ಷಕ್ಕೆ ಹತ್ತು ಲಕ್ಷ ಕಂಟೇನರ್ ಕೂಡ ಇಲ್ಲದ ಬಂದರು ಹತ್ತು ವರ್ಷದಲ್ಲಿ 50 ಲಕ್ಷ ದಾಟಿತು. ಗ್ರೀಸ್ ಸಾಲದಲ್ಲಿ ಮುಳುಗಿದ್ದಾಗ ದುಡ್ಡು ಹಿಡಿದು ಬಂದವರು ಅವರೇ.

ಯುದ್ಧದ ಮಾತಿಗೆ ಬಂದರೆ ನಾನು ಮಾಲೀಕನಿಗಿಂತ ಕ್ರೇನಿನ ಬಗ್ಗೆ ಜಾಸ್ತಿ ಯೋಚಿಸುತ್ತೇನೆ. ಅಮೆರಿಕದ ಬಂದರುಗಳಲ್ಲಿ ಹಡಗಿನಿಂದ ಡಬ್ಬ ಇಳಿಸುವ ದೊಡ್ಡ ಕ್ರೇನ್‌ಗಳಲ್ಲಿ ಸುಮಾರು ಶೇಕಡಾ 80 ಚೀನಾದಲ್ಲಿ ತಯಾರಾದವು. ಅವುಗಳ ಸಾಫ್ಟ್‌ವೇರ್ ಭದ್ರತೆ ಬಗ್ಗೆ ಬೈಡನ್ ಆದೇಶ ಹೊರಡಿಸಿದ್ದು 2024ರ ಫೆಬ್ರುವರಿಯಲ್ಲಿ. ಟರ್ಮಿನಲ್ ನೂರಕ್ಕೆ ನೂರು ಅಮೆರಿಕನ್ನರದ್ದೇ ಆಗಿದ್ದರೂ ಕ್ರೇನ್ ಅವೇ ಅಲ್ವಾ?

ಸುಮ್ನೆಕೇಳ್ತೀನಿ:

ಇಬ್ಬರಿಗೂ ಥ್ಯಾಂಕ್ಸ್. ಬರ್ತ್ ವಿಂಡೋ ವಿಷಯ ಎಲ್ಲೂ ಓದಿರಲಿಲ್ಲ. ಕೊನೆಯದಾಗಿ ಒಂದು: ಡಿಪಿ ವರ್ಲ್ಡ್ ಬಿಟ್ಟುಕೊಟ್ಟ ಆ ಟರ್ಮಿನಲ್‌ಗಳು ಆಮೇಲೆ ಯಾರ ಕೈಗೆ ಹೋದವು? ಕಾನೂನೇನಾದರೂ ಬಂತಾ?

ಕಾನೂನುಪುಟ:

ಇದಕ್ಕೆ ನಾನು ಉತ್ತರಿಸುತ್ತೇನೆ. ಕಾನೂನು ಬಂತು. 2006ರ ಅಕ್ಟೋಬರ್‌ನಲ್ಲಿ ಬಂದರು ಭದ್ರತೆಗೆ ಒಂದು, 2007ರ ಜುಲೈನಲ್ಲಿ ವಿದೇಶಿ ಹೂಡಿಕೆ ಪರಿಶೀಲನೆ ಬಿಗಿ ಮಾಡಲು ಇನ್ನೊಂದು. ಅದೇ 2007ರ ಮತ್ತೊಂದು ಕಾನೂನಿನಲ್ಲಿ, ಅಮೆರಿಕಕ್ಕೆ ಬರುವ ಪ್ರತಿ ಕಂಟೇನರನ್ನೂ ಹೊರಡುವ ಬಂದರಿನಲ್ಲೇ ಸ್ಕ್ಯಾನ್ ಮಾಡಬೇಕು, 2012ರ ಒಳಗೆ ಎಂದು ಬರೆದರು. ಅದು ಜಾರಿಯಾಗಲೇ ಇಲ್ಲ. ಗಡುವು ಮುಂದೆ ಹೋಗುತ್ತಲೇ ಇತ್ತು.

ಟರ್ಮಿನಲ್‌ಗಳನ್ನು ಕೊಂಡದ್ದು ಅಮೆರಿಕದ ವಿಮಾ ಕಂಪನಿ ಎಐಜಿಯ ಹೂಡಿಕೆ ವಿಭಾಗ. 2008ರಲ್ಲಿ ಎಐಜಿಯೇ ಮುಳುಗುವ ಹಂತಕ್ಕೆ ಬಂದು ಅಮೆರಿಕ ಸರ್ಕಾರ ಅದನ್ನು ಎತ್ತಿ ನಿಲ್ಲಿಸಬೇಕಾಯಿತು. ಟರ್ಮಿನಲ್‌ಗಳು ಪೋರ್ಟ್ಸ್ ಅಮೆರಿಕ ಎಂಬ ಹೆಸರಿನಲ್ಲಿ ಹೂಡಿಕೆ ನಿಧಿಗಳ ಕೈಗೆ ಹೋದವು. 2021ರಲ್ಲಿ ಆ ಕಂಪನಿಯನ್ನು ಪೂರ್ತಿಯಾಗಿ ಕೊಂಡದ್ದು ಕೆನಡಾದ ಪಿಂಚಣಿ ನಿಧಿ.

ಮೂರನೇಕಣ್ಣು:

ಕೆನಡಾನಾ? ಅಂದರೆ ಕೊನೆಗೂ ಹೊರಗಿನವರೇ! ಅದಕ್ಕೆ 62-2 ಮತ ಹಾಕಿದವರು ಯಾರೂ ಏನೂ ಅನ್ನಲಿಲ್ವಾ?

ಕಾನೂನುಪುಟ:

2006ರಂಥ ಗದ್ದಲವಂತೂ ಏಳಲಿಲ್ಲ. ಕೆನಡಾ ಬಗ್ಗೆ ಟಿವಿಯಲ್ಲಿ ಭಯ ಹುಟ್ಟಿಸುವುದು ಕಷ್ಟ ನೋಡಿ. ಬೇಪ್ಲಾನ್ ಸರ್, ಪಿಂಚಣಿ ನಿಧಿಗೆ ಸ್ವಂತ ಹಡಗಿಲ್ಲವಲ್ಲ, ಅಲ್ಲಿ ಬರ್ತ್ ವಿಂಡೋ ತಕರಾರು ಕಡಿಮೆ ಇರಬಹುದಾ?

ಬೇಪ್ಲಾನ್:

ಇರಬಹುದು. ಆದರೆ ನಿಧಿಯವರಿಗೆ ಬೇಕಾದದ್ದು ಪಿಂಚಣಿ ಕೊಡುವಷ್ಟು ಲಾಭ. ಅವರ ಕೈಗೆ ಬಂದರೆ ನಾನು ಮೊದಲು ತೆಗೆದು ನೋಡುವುದು ಡಬ್ಬ ಯಾರ್ಡಿನಲ್ಲಿ ಕೂತ ದಿನಕ್ಕೆ ಹಾಕುವ ಬಾಡಿಗೆಯ ದರಪಟ್ಟಿಯನ್ನು.